ಮತ್ತೆ ಮತ್ತೆ ಬರುವ ನಂಬರು

ಶಹಾಪುರ
೧೮ ಸೆಪ್ಟೆಂಬರ್ ೨೦೧೮

ಅಕ್ಕ ಸುಂದ್ರಮ್ಮನಿಗೆ ತಂಗಿ ಮೋನಮ್ಮನ ನಮಸ್ಕಾರಗಳು.

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರುತ್ತದೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು, ಸಿಟ್ಟಾಗದೆ ಓದಿಕೋ. ಬರೆಯಲು ತಡವಾಯಿತು. ಫೋನಿನಲ್ಲಿ ಹೇಳಿದರೆ ನಿಮ್ಮ ಮನೆಯವರೆಲ್ಲ ಕಿವಿ ಕೊಡುತ್ತಾರೆ, ಅದಕ್ಕೇ ಈ ಕಾಗದ. ಗುರುಮಠಕಲ್‌ನಲ್ಲಿ ಮಕ್ಕಳು ಆರಾಮವೇ?

ನಾನು ಕಸ ಹೊಡೆಯುವ ಕಾಲುವೆ ಸಂಘದ ಆಫೀಸಿಗೆ ಹೊಸ ಸರ್ವರ್ ಬಂದಿದೆ. ಯಾರ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂದು ಅದೇ ಲೆಕ್ಕ ಹಾಕಿ ರೈತರ ಫೋನಿಗೆ ಮೆಸೇಜು ಕಳಿಸಬೇಕು. ಅದನ್ನು ಸಜ್ಜು ಮಾಡುವುದು ಆಪರೇಟರ್ ಯೂನುಸನ ಕೆಲಸ. ಕೈಯಿಂದ ಒಂದೊಂದೇ ಜೋಡಿಸಬೇಕಿಲ್ಲವಂತೆ. ಏನೇನು ಬೇಕೆಂದು ಕಲಬುರಗಿಯ ಇಂಜಿನಿಯರ್ ಸಾಹೇಬರು ಒಂದು ಫೈಲಿನಲ್ಲಿ ಬರೆದು ಕೊಟ್ಟಿದ್ದಾರೆ, ರೈತರ ಹೆಸರು ನಂಬರು ಸಹಿತ. ಒಂದು ಗುಂಡಿ ಒತ್ತಿದರೆ ಸಾಫ್ಟ್‌ವೇರು ಅದನ್ನು ಓದಿ, ಖಾಲಿ ಸರ್ವರ್ ಮೇಲೆ ಎಲ್ಲವನ್ನೂ ತಾನೇ ಕೂಡಿಸುತ್ತದೆ. ಹೇಳುವುದಕ್ಕೆ ಚಂದ. ಇವತ್ತು ಒಂದು ಕೆಟ್ಟರೆ ನಾಳೆ ಇನ್ನೊಂದು. ಕರೆಂಟು ಹೋಗುತ್ತದೆ, ಇಲ್ಲವೆ ಇಂಟರ್ನೆಟ್ ಸಾಯುತ್ತದೆ. ಎಲ್ಲ ಅಳಿಸು, ಮತ್ತೆ ಮೊದಲಿನಿಂದ ಕೂಡಿಸು. ನೋಡಿ ನೋಡಿ ನನಗೇ ತಲೆನೋವು.

ನನ್ನ ಸಂಕಟ ಬೇರೆ. ನನ್ನ ಗಂಡ ಮರಿಲಿಂಗಪ್ಪ ಬೇರೆ ಮನೆ ಮಾಡಿದ ಮೇಲೆ ಪಂಚರು ದೇವಾಪುರದ ಹೊಲವನ್ನು ನನಗೆ ಕೊಡಿಸಿದ್ದು ನಿನಗೆ ಗೊತ್ತು. ಆದರೆ ಆ ಫೈಲಿನಲ್ಲಿ ಹೊಲದ ಮುಂದೆ ಇನ್ನೂ ಅವನದೇ ನಂಬರು. ಸರ್ವರ್ ನಡೆದಾಗಲೆಲ್ಲ ನನ್ನ ಪಾಳಿಯ ಮೆಸೇಜು ಅವನಿಗೆ ಹೋಗುತ್ತದೆ. ಭತ್ತ ತೆನೆ ಹೊರಡುವ ಹೊತ್ತು, ಒಂದು ಪಾಳಿ ತಪ್ಪಿದರೆ ಎಲ್ಲ ಜೊಳ್ಳು. ನಾಚಿಕೆ ಬಿಟ್ಟು ಯೂನುಸನಿಗೆ ಹೇಳಿದೆ. ಪಾಪ, ಸರ್ವರ್‌ನಲ್ಲೇ ನನ್ನ ನಂಬರು ಹಾಕಿದ. ಮರುದಿನ ನೋಡಿದರೆ ಅವನದೇ. ಮತ್ತೆ ಹಾಕಿಸಿದೆ, ಮತ್ತೆ ಅವನದೇ. ಸಾಕಾಗಿ ಕಸಬರಿಗೆ ಒಗೆದು ಕೇಳಿದೆ:

“ಭಾಯಿ, ಪಂಚರು ಬಿಡಿಸಿದ ಗಂಡನ್ನ ನಿನ್ನ ಮಷೀನು ಯಾಕ ದಿನಾ ತಂದು ನನ್ನ ಹೊಲದಾಗ ನಿಲ್ಲಸ್ತದ?”

ಯೂನುಸ ತಲೆ ಕೆರೆದುಕೊಂಡ. “ನಾ ಕೈಲೆ ತಿದ್ದಿದ್ದು ಅದಕ್ಕ ಲೆಕ್ಕಿಲ್ಲ ಮೋನವ್ವ. ಫೈಲಿನಾಗ ಏನು ಬರದಾರ, ಅದೇ ಖರೆ ಅಂತದ. ಫೈಲು ಮುಟ್ಟಬೇಕಂದ್ರ ಸಾಹೇಬ್ರ ಹುಕುಂ ಬೇಕು.”

ಸಾಹೇಬರು ಫೋನ್ ಎತ್ತುವುದಿಲ್ಲ. ಎತ್ತಿದರೆ ಮುಂದಿನ ವಾರ ಎನ್ನುತ್ತಾರೆ. ನೀರು ಮುಂದಿನ ವಾರದವರೆಗೆ ನನಗಾಗಿ ನಿಂತಿರುತ್ತದೆಯೇ? ಅಂತೂ ನಿನ್ನೆ ಹುಕುಂ ಬಂತು. ಇವತ್ತು ಫೈಲಿನಲ್ಲೇ ತಿದ್ದುತ್ತೇನೆ ಎಂದಿದ್ದ ಯೂನುಸ.

ಮಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಮೋನಮ್ಮ

ತಾ.ಕ.: ಇದನ್ನು ನೀನೊಬ್ಬಳೇ ಓದು. ಮೆಸೇಜು ಬರದಿದ್ದರೂ ನನ್ನ ಭತ್ತ ಒಣಗಿಲ್ಲ ಅಕ್ಕ. ಪಾಳಿ ತಪ್ಪಿತೆಂದು ಅಳುತ್ತ ಹೋದಾಗಲೆಲ್ಲ ಮಡಿ ತುಂಬ ನೀರು. ಮಗ್ಗುಲ ಹೊಲದ ಚಂದ್ರಾಮಪ್ಪ ಕಾಕಾ ಹರಿಸಿರಬೇಕೆಂದು ಭಾನುವಾರ ಕೈ ಮುಗಿದೆ. ಅವರು ನಕ್ಕರು.

“ನಾ ಅಲ್ಲವ್ವ. ಪಾಳಿ ಬಂದಾಗೊಮ್ಮೆ ಮರಿಲಿಂಗ ಬರ್ತಾನ. ನೀರು ಬಿಟ್ಟು ಬದುವಿನ ಮ್ಯಾಲ ಕುಂತಿರ್ತಾನ. ಮಡಿ ತುಂಬಿದ ಮ್ಯಾಲ ಎದ್ದು ಹೋಗ್ತಾನ. ನಿನಗ ಹೇಳಬ್ಯಾಡ ಅಂದಾನ.”

ಇವತ್ತು ಬೆಳಿಗ್ಗೆ ಯೂನುಸ ಫೈಲು ತೆರೆದು, ನಿನ್ನ ನಂಬರು ಇನ್ನೊಮ್ಮೆ ಹೇಳವ್ವ ಎಂದ. ನಾನು ಹೇಳಲಿಲ್ಲ. ಹೊರಗೆ ಹೋಗಿ ಚಹಾದ ಲೋಟಗಳನ್ನು ತೊಳೆದಿಟ್ಟೆ.