ದೋಣಿಯಲ್ಲಿ ಮೂರನೆಯವಳು

ಮೇ ೪, ಭಾನುವಾರ

ಇವತ್ತೂ ಇಬ್ಬರೂ ದೋಣಿ ಹತ್ತಿ ಹೋದರು — ಮಗ, ಸೊಸೆ. ನನಗೆ ಒಂದು ಫ್ಲಾಸ್ಕ್ ಚಹಾ, ಕಿಟಕಿಯ ಪಕ್ಕ ಕುರ್ಚಿ. "ಅತ್ತೆ, ನೀವು ಆರಾಮಾಗಿರಿ." ಆರಾಮ! ನನ್ನ ಲಾಂಡ್ರಿ ಅಂಗಡಿ ಶುರುವಾದಾಗಿನಿಂದ ನಾನು ವಾರಗಟ್ಟಲೆ ಬಾಗಿಲು ಹಾಕಿದ್ದಿಲ್ಲ. ಈಗ ಇದ್ದಕ್ಕಿದ್ದಂತೆ ರಜೆ, ಅದೂ ಈ ಕೆರೆಯ ದಡದ ಬಾಡಿಗೆ ಮನೆಯಲ್ಲಿ, ಮೀನು ಹಿಡಿಯುವುದಕ್ಕೆ. ಎಲ್ಲ ಸೊಸೆಯ ಏರ್ಪಾಡು. ಮಗನಿಗೆ ಅಷ್ಟು ತಲೆ ಓಡುವುದಿಲ್ಲ.

ಇಲ್ಲಿಂದ ಎಲ್ಲ ಕಾಣುತ್ತದೆ. ಗಾಳ ನೀರಿನಲ್ಲಿ, ಗಮನ ಬೇರೆಲ್ಲೋ. ಅವಳು ಕೈ ಆಡಿಸುತ್ತಾಳೆ, ಇವನು ತಲೆ ಆಡಿಸುತ್ತಾನೆ. ಒಮ್ಮೆ ಇವನು ಸೊಂಟದ ಮೇಲೆ ಕೈಯಿಟ್ಟು ಏನೋ ಗದರಿದಂತಿತ್ತು. ದಡಕ್ಕೆ ಬಂದ ಕೂಡಲೇ ಇಬ್ಬರ ಬಾಯಿಗೂ ಬೀಗ.

ಜನರ ಜೇಬು ತಡಕಿಯೇ ಬದುಕಿದವಳು ನಾನು. ಒಗೆಯಲು ಹಾಕುವ ಮುಂಚೆ, ಜೇಬಿನಲ್ಲಿ ಏನಾದರೂ ಉಳಿದಿದ್ದರೆ ಬಟ್ಟೆ ಎತ್ತುವಾಗಲೇ ತಿಳಿಯುತ್ತದೆ. ಇವರ ಜೇಬಿನಲ್ಲೂ ಏನೋ ಇದೆ.

ಏನೆಂದು ಗೊತ್ತು. ಲಾಂಡ್ರಿಯ ಬೀಗದ ಕೈ ನನ್ನ ಸೊಂಟದಿಂದ ಅವಳ ಸೊಂಟಕ್ಕೆ ಹೋಗಬೇಕು. "ಇನ್ನು ಸಾಕು ಅತ್ತೆ, ವಿಶ್ರಾಂತಿ ತಗೊಳ್ಳಿ" ಅಂತ ನಯವಾಗಿ... ಆ ಮಾತು ಬರುವ ಮುಂಚೆ ನನಗೆ ಎಲ್ಲ ತಿಳಿದಿರಬೇಕು.

ಮೇ ೫, ಸೋಮವಾರ

ನಾಳೆ ನಾನೂ ದೋಣಿಗೆ ಬರುತ್ತೇನೆ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅದು ನನ್ನ ಕಣ್ಣಿಗೆ ಬೀಳದೆ ಹೋಗಲಿಲ್ಲ.

"ಅಮ್ಮಾ, ಮೀನು ಹಿಡಿಯೋ ಲೈಸೆನ್ಸ್ ಇಲ್ಲದವರನ್ನ ಈ ದೋಣೀಲಿ ಕೂರಿಸೋ ಹಾಗಿಲ್ಲ." ಎಷ್ಟು ಬೇಗ ನೆನಪಾಯಿತು ಕಾನೂನು!

"ಮಾಡಿಸಿದ್ರಾಯ್ತು ಲೈಸೆನ್ಸು. ಅದೇನು ರಾಕೆಟ್ ಓಡಿಸೋದಾ?"

ಕಚೇರಿ ದಡದಲ್ಲೇ. ಒಂದೇ ಕೋಣೆ, ಗೋಡೆ ತುಂಬ ಮೀನಿನ ಚಿತ್ರ. ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಜ್ಜೀ, ಮೀನು ಹಿಡಿಯೋಕೆ ಬರುತ್ತಾ?"

"ನಿಮ್ಮಜ್ಜಿನ ಕೇಳಪ್ಪಾ ಅದನ್ನ. ನನಗೆ ಲೈಸೆನ್ಸ್ ಕೊಡು."

ನಿಯಮ ಓದಿದ. ದಿನಕ್ಕೆ ತಲಾ ಮೂರು ಮೀನು. ಗೇಣಿಗಿಂತ ಚಿಕ್ಕದು ಸಿಕ್ಕರೆ ಆ ಕ್ಷಣವೇ ನೀರಿಗೆ ಬಿಡಬೇಕು. ಒಬ್ಬರ ಪಾಲು ಇನ್ನೊಬ್ಬರು ಹಿಡಿಯುವಂತಿಲ್ಲ. ಇನ್ನೂ ಓದುತ್ತಲೇ ಇದ್ದ. "ಸಾಕು, ಮೂರರ ತನಕ ಎಣಿಸೋಕೆ ನನಗೆ ಬರುತ್ತೆ" ಎಂದೆ. ಹಿಂದೆ ನಿಂತಿದ್ದ ಸೊಸೆ ನಕ್ಕಳು.

ಯಾಕೆ ನಕ್ಕಳು?

ಮೇ ೬, ಮಂಗಳವಾರ

ದೋಣಿಯಲ್ಲಿ ನಾನು ನಡುವೆ. ಬೇಕೆಂದೇ. ಮಾತೆಲ್ಲ ಎರೆಹುಳುವಿನದ್ದು, ಗಾಳಿಯದ್ದು. "ಅತ್ತೆ, ಬಿಸಿಲು ಜಾಸ್ತಿಯಾಯ್ತಾ?" ಆಗಲಿಲ್ಲ. ಕಾಯುತ್ತೇನೆ.

ಅಷ್ಟರಲ್ಲಿ ನನ್ನ ಗಾಳ ಎಳೆಯಿತು. ಮೀನು ಹಿಡಿಯುವುದು ಕಷ್ಟವೇನಲ್ಲ. ಸುಮ್ಮನೆ ಕೂರಬೇಕು, ಎಳೆತ ಬಂದಾಗ ಬಿಡಬಾರದು. ಎರಡೂ ನನಗೆ ಬರುತ್ತವೆ. ಮೂರು ಹಿಡಿದು ನನ್ನ ಬಕೆಟ್ಟಿಗೆ ಹಾಕಿದೆ. ಆಮೇಲೆ ಇನ್ನೊಂದು — ಮೊಳದುದ್ದ! ಮೂರರಲ್ಲಿ ಸಣ್ಣದನ್ನು ತೆಗೆದು ನೀರಿಗೆ ಬಿಟ್ಟು, ದೊಡ್ಡದನ್ನು ಹಾಕಿಕೊಂಡೆ. ಸರಿಯಿಲ್ಲದ್ದನ್ನು ವಾಪಸ್ ಕೊಟ್ಟು ಸರಿಯಾದ್ದನ್ನು ತೆಗೆದುಕೊಳ್ಳುವುದು ನಮ್ಮ ಅಂಗಡಿಯಲ್ಲಿ ದಿನನಿತ್ಯದ ಕೆಲಸ. ಮೂರಕ್ಕೆ ಮೂರೇ ಉಳಿಯಿತಲ್ಲ.

ದಡದಲ್ಲಿ ಕಚೇರಿಯ ಕಾವಲಿನವನು ಕಾಯುತ್ತಿದ್ದ, ಕತ್ತಿನಲ್ಲಿ ದುರ್ಬೀನು.

"ಬಕೆಟ್ಟಿಂದ ಮೀನು ಎತ್ತಿ ನೀರಿಗೆ ಹಾಕಿದ್ದು ಕಂಡೆ, ಬಿಸಿಲಿಗೆ ಮುಖ ಕಾಣಲಿಲ್ಲ. ಯಾರದು?"

"ಪಾಪ ಅಂತ ಬಿಟ್ಟರೆ ಅದೂ ತಪ್ಪೇನಯ್ಯಾ?"

"ಅಮ್ಮಾವ್ರೇ, ಗಾಳದಿಂದ ಬಿಡಿಸಿ ಹಾಗೇ ಬಿಟ್ರೆ ಲೆಕ್ಕ ಇಲ್ಲ. ಬಕೆಟ್ಟಿಗೆ ಹಾಕಿದ ಮೇಲೆ ಅದು ನಿಮ್ಮದು. ಬಿಟ್ರೂ ನಿಮ್ಮ ಲೆಕ್ಕಕ್ಕೇ. ಅಷ್ಟು ಹೊತ್ತು ಬಕೆಟ್ಟಲ್ಲಿ ಒದ್ದಾಡಿದ್ದು ಬದುಕೋದೂ ಕಷ್ಟ. ಅಲ್ಲಿಗೆ ನಾಲ್ಕಾಯ್ತು. ಯಾರು ಬಿಟ್ಟಿದ್ದು?"

ಬಾಯಿ ತೆರೆದೆ. ಮಾತು ಬರುವ ಮುಂಚೆ ಸೊಸೆ ಮುಂದೆ ಬಂದಳು. "ನಾನು ಸರ್. ಗೊತ್ತಾಗ್ಲಿಲ್ಲ."

ಅವಳ ಲೈಸೆನ್ಸ್ ಕಿತ್ತುಕೊಂಡ. ನಾವು ಊರಿಗೆ ಹೊರಡುವ ತನಕ ಅವಳು ದೋಣಿ ಹತ್ತುವಂತಿಲ್ಲ.

ಅದೇ ದಿನ, ಸಂಜೆ

ಯಾಕೆ ಹೇಳಿದೆ ಹಾಗೆ ಎಂದು ಕೇಳಿದೆ.

"ನೀವು ಅವನ ಮುಂದೆ ತಲೆ ತಗ್ಗಿಸಿ ನಿಲ್ಲೋದು ನನಗೆ ನೋಡೋಕಾಗಲ್ಲ ಅತ್ತೆ."

ಇಷ್ಟು ಒಳ್ಳೆಯ ಮಾತನ್ನು ಸುಮ್ಮನೆ ಯಾರೂ ಆಡುವುದಿಲ್ಲ. ನನ್ನ ತಲೆಯ ಮೇಲೆ ಒಂದು ಹಂಗು ಹೊರಿಸಿಟ್ಟಿದ್ದಾಳೆ. ಸಮಯ ನೋಡಿ ಕೇಳುತ್ತಾಳೆ.

ಮೇ ೯, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ದೋಣಿಯಲ್ಲಿ ನಾನೂ ಮಗನೂ ಮಾತ್ರ. ಅವಳು ದಡದ ಕಲ್ಲಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಮಗ ಬಾಯಿ ಬಿಡಲಿಲ್ಲ. ಇವತ್ತು ನನಗೇ ತಡೆಯಲಾಗಲಿಲ್ಲ.

"ಬೀಗದ ಕೈ ಕೇಳೋಕೆ ಇಷ್ಟು ದೂರ ಕರ್ಕೊಂಡು ಬರಬೇಕಿತ್ತೇನೋ?"

"ಯಾವ ಬೀಗದ ಕೈ?"

ಇವನಿಗೆ ನಟನೆ ಬರುವುದಿಲ್ಲ. ನಿಜವಾಗಿಯೂ ಗೊತ್ತಿಲ್ಲದ ಮುಖ. ಆಮೇಲೆ ಹುಟ್ಟು ಕೆಳಗಿಟ್ಟ.

"ಅಮ್ಮಾ... ಅವಳಿಗೆ ದೊಡ್ಡಾಸ್ಪತ್ರೆ ಲಾಂಡ್ರೀಲಿ ಕೆಲಸ ಸಿಕ್ಕಿದೆ. ಮೇಲ್ವಿಚಾರಣೆ. ಮುಂದಿನ ತಿಂಗಳಿಂದ ಬಾ ಅಂದಿದಾರೆ. ನಿನಗೆ ಹೇಗೆ ಹೇಳೋದು ಅಂತ ದಿನಾ ದೋಣೀಲಿ ಅಭ್ಯಾಸ ಮಾಡ್ತಿದ್ವಿ. ನಾನು ನೀನಾಗ್ತಿದ್ದೆ. ಬೈತಿದ್ದೆ. ಅವಳು ಉತ್ತರ ಕೊಡ್ತಿದ್ಲು. ನೀನು ಬೇಡ ಅಂದ್ರೆ ಹೋಗಲ್ವಂತೆ."

"ಚೆನ್ನಾಗಿ ಬೈತಿದ್ಯಾ?"

"ಎಲ್ಲಮ್ಮಾ. ನಗು ಬಂದ್ಬಿಡ್ತಿತ್ತು."

ನನಗೆ ಬರಲಿಲ್ಲ.

ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಹೊರಗೆ ಹೋಗುವವಳು ಅವಳು. ಅಂಗಡಿಗೆ ಬಂದ ರೇಷ್ಮೆಗೆ ತುಕ್ಕಿನ ಕಲೆ ಹತ್ತಿದ್ದರೆ ಈಗೀಗ ಅವಳೇ ತೆಗೆಯಬೇಕು. ಕಪ್ಪು ದಾರ ಯಾವುದು, ಕಡುನೀಲಿ ಯಾವುದು ಎಂದು ನನ್ನ ಕಣ್ಣಿಗೆ ತಿಳಿಯುತ್ತಿಲ್ಲ. ಅದು ಅವಳಿಗೆ ಗೊತ್ತು. ಗೊತ್ತೆಂದು ಒಂದು ದಿನವೂ ತೋರಿಸಿಕೊಂಡಿಲ್ಲ, ಸರಿಯಾದ ದಾರದುಂಡೆಯನ್ನು ನನ್ನ ಕೈ ಹತ್ತಿರ ಸರಿಸಿ ಹೋಗುತ್ತಾಳೆ.

ನನಗೆ ತಿಳಿದದ್ದನ್ನು ಅವಳಿಗೆ ಹೇಳಬೇಡ ಎಂದೆ ಮಗನಿಗೆ. ಅವಳೇ ಬಂದು ಹೇಳಲಿ.

ಮೇ ೧೦, ಶನಿವಾರ

ಬೇಡ ಎನ್ನಬಹುದು. ಒಂದೇ ಮಾತು. ಆದರೆ ಹಂಗಿನಲ್ಲಿರುವವರ ಮಾತಿಗೆ ಗತ್ತಿರುವುದಿಲ್ಲ. ಬಹುಶಃ ಅದಕ್ಕೇ ಅವಳು ಆ ತಪ್ಪನ್ನು ಮೈಮೇಲೆ ಹಾಕಿಕೊಂಡದ್ದು. ಇಲ್ಲವೇ ನಿಜವಾಗಿಯೂ... ಇರಲಿ. ಮೊದಲು ಆ ಹಂಗು ಕಳೆಯಬೇಕು.

ಬೆಳಿಗ್ಗೆ ಕಚೇರಿಗೆ ಹೋದೆ. ಕಾವಲಿನವನೂ ಅಲ್ಲೇ ಇದ್ದ.

"ಆ ನಾಲ್ಕನೇ ಮೀನು ನನ್ನದು. ನನ್ನ ಲೈಸೆನ್ಸ್ ಇಟ್ಕೊಳ್ಳಿ, ಸೊಸೇದು ವಾಪಸ್ ಕೊಡಿ."

"ಅವತ್ತೇ ಹೇಳಬಹುದಿತ್ತಲ್ಲ ಅಮ್ಮಾವ್ರೇ?"

"ಬಾಯಿ ತೆರೆದಿದ್ದೆ. ಅವಳು ನನಗಿಂತ ಚುರುಕು."

ತಂದು ಅವಳ ಕೈಗೆ ಕೊಟ್ಟೆ. "ತಗೋ. ಇನ್ನು ನಿನ್ನ ಹಂಗು ನನಗಿಲ್ಲ. ಹೋಗು, ದೋಣಿ ಹತ್ತು." ಅವಳು ಏನೋ ಹೇಳಹೊರಟಳು. ಕೇಳಲು ನಾನು ನಿಲ್ಲಲಿಲ್ಲ.

ಅದೇ ದಿನ, ಮಧ್ಯಾಹ್ನ

ಮತ್ತೆ ಕುರ್ಚಿ, ಕಿಟಕಿ. ದೋಣಿ ನಡುನೀರಿನಲ್ಲಿ. ಗಾಳ ಹಾಕಿಯೇ ಇಲ್ಲ. ಅಭ್ಯಾಸ ನಡೆದಿರಬೇಕು. ಇವತ್ತಾದರೂ ನನ್ನ ಮಗ ಸರಿಯಾಗಿ ಬೈಯುತ್ತಿದ್ದಾನೋ ಇಲ್ಲವೋ.

ನಾನೂ ಮಾತು ಜೋಡಿಸುತ್ತಿದ್ದೇನೆ. 'ಕೆಲಸ ಕಲಿಸಿದವಳನ್ನ ಬಿಟ್ಟು ಹೋಗ್ತೀಯಾ' — ಇದು ಬೇಡ, ಅಳುಬುರುಕಿಯ ಮಾತು. 'ನೀನಿಲ್ಲದಿದ್ರೆ ನನ್ನ ಅಂಗಡಿ ನಿಲ್ಲಲ್ಲ' — ಇದಂತೂ ಬೇಡವೇ ಬೇಡ. 'ಹೋಗು' ಎನ್ನುತ್ತೇನೆ. ಗಟ್ಟಿಯಾಗಿ. ಅವಳು ಕೇಳಿ ಮುಗಿಸುವ ಮುಂಚೆಯೇ. ನಾನು ಕಲಿಸಿದವಳು ಆಸ್ಪತ್ರೆಯ ಲಾಂಡ್ರಿ ನಡೆಸುತ್ತಾಳೆಂದರೆ ಸಣ್ಣ ಮಾತೇ?

ದೋಣಿ ತಿರುಗಿತು. ಇಷ್ಟು ಬೇಗ? ಮಗ ದಡದಲ್ಲೇ ಉಳಿದ. ಅವಳೊಬ್ಬಳೇ ಬರುತ್ತಿದ್ದಾಳೆ, ಬರಿಗೈ.

ಮೆಟ್ಟಿಲ ಸದ್ದು. ಬಾಗಿಲ ಹೊರಗೆ ನಿಂತಿದ್ದಾಳೆ. ಗಂಟಲು ಸರಿಮಾಡಿಕೊಂಡಳು. "ಅತ್ತೆ" ಎಂದಳು.

ಪೆನ್ನು ಕೆಳಗಿಡುತ್ತೇನೆ, 'ಹೋಗು' ಎನ್ನುವ ಮುಂಚೆ 'ಬಾ' ಎನ್ನಬೇಕಲ್ಲ.