ಅವ್ವನ ಬೆಳ್ಳಿ ಕರಡಿಗೆ

ಅವ್ವಾ,

ನೀನಿದ್ದಾಗ ಬಾಯಿಂದ ಬರಲಿಲ್ಲ, ಈಗ ಬರೆಯುತ್ತಿದ್ದೇನೆ.

ನೆನಪಿದೆಯಾ, ನನ್ನ ಮಗಳು ಗೌರಿಗೆ ನಾಲ್ಕು ವರ್ಷವಾದರೂ ಮಾತು ಬಂದಿರಲಿಲ್ಲ, ಯಾರು ಕರೆದರೂ ತಿರುಗುತ್ತಿರಲಿಲ್ಲ. ನೀನು ಎತ್ತಿಕೊಂಡರೆ ಮಾತ್ರ, ನಿನ್ನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದು ಹಾಕಿ ಮಾಡುತ್ತ ಅಳು ನಿಲ್ಲಿಸುತ್ತಿದ್ದಳು. "ನನ್ನ ಮೊಮ್ಮಗಳ ಪೂಜಿ ಮುಗೀತು, ಇನ್ನ ನನಗ ಚಹಾ ಕೊಡ್ರಿ" ಅಂತ ನಗುತ್ತಿದ್ದೆ.

ಹೈದರಾಬಾದಿನ ಡಾಕ್ಟರು ಆಟಿಸಂ ಅಂದರು, ಇದಕ್ಕೆ ಗುಳಿಗೆ ಇಲ್ಲ ಅಂದರು. ಆ ಮಾತು ನನಗೆ ಬೇಕಿರಲಿಲ್ಲ. ಸೊಲ್ಲಾಪುರದಲ್ಲಿ ಇದನ್ನು ಗುಣ ಮಾಡುತ್ತೇನೆ ಅನ್ನುವ ಒಬ್ಬ ಸಿಕ್ಕ. ಅವಳ ಕೂದಲು ಕತ್ತರಿಸಿ ಪರೀಕ್ಷೆ ಮಾಡಿಸಿ, ಮೈಯೊಳಗಿನ ಲೋಹ ಹೊರಗೆ ಹೋಗದೆ ತಲೆಗೇರಿದೆ ಅಂದ. ಪುಡಿ ಕೊಟ್ಟ. ಯಡ್ರಾಮಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವನು ನಾನು. ಒಂದು ಪ್ರಶ್ನೆಯನ್ನಾದರೂ ಕೇಳಬೇಕಿತ್ತಲ್ಲ?

ಮನೆಗೆ ಬಂದವನೇ, ಗೌರಿಯೂ ಅವಳ ಅಣ್ಣನೂ ನೀರು ಕುಡಿಯುತ್ತಿದ್ದ ತಾಮ್ರದ ಕೊಡ ಅಟ್ಟಕ್ಕೆ ಹಾಕಿದೆ. ಆಮೇಲೆ ನಿನ್ನ ಕೊರಳು ನೋಡಿದೆ. "ಅದನ್ನ ಆಕಿ ಬಾಯಾಗ ಇಟ್ಕೋತಾಳ. ನಿನ್ನಿಂದನ ಹಿಂಗಾಗ್ಯದ" ಅಂದುಬಿಟ್ಟೆ. ನೀನು ಜಗಳ ಆಡಲಿಲ್ಲ. ಕರಡಿಗೆ ತೆಗೆದಿಟ್ಟು ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡೆ. ಗೌರಿ ನಿನ್ನ ಎದೆ ತಡವಿ ತಡವಿ, ಏನೂ ಸಿಗದೆ ಕೆಳಗಿಳಿದು ಹೋದಳು. ಮತ್ತೆ ಬರಲಿಲ್ಲ. ನೀನೂ ಕರೆಯಲಿಲ್ಲ.

ಹಾಸಿಗೆ ಹಿಡಿದಾಗ ಒಮ್ಮೆ ನೀನೇ ಕೇಳಿದೆ: "ಖರೇನ ನನ್ನಿಂದ ಆಗ್ಯದೇನೋ ಯಪ್ಪಾ?" ನಾನು ಗೌರಿಗೆ ಪುಡಿ ಕಲಸಲು ಎದ್ದು ಹೋದೆ. ಇಲ್ಲ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅದಾದ ಎಂಟನೆಯ ದಿನಕ್ಕೆ ನೀನು...

ಪುಡಿ ತಿಂದು ಗೌರಿ ವಾಂತಿ ಮಾಡಿಕೊಂಡು ಕಡ್ಡಿಯಾದಳು. ಕೊನೆಗೆ ಸೊಲ್ಲಾಪುರಕ್ಕೆ ಹೋಗಿ ಕೇಳಿದೆ: "ಅದೇ ಕೊಡದ ನೀರು ಕುಡದ ಈಕಿ ಅಣ್ಣಗ ಯಾಕ ಆಗಲಿಲ್ರಿ?"

"ಮಾಸ್ತರ, ನಂಬಿಕಿ ಇಲ್ಲಂದ್ರ ಬರಬ್ಯಾಡ್ರಿ" ಅಂದ. ಪುಡಿ ನಿಲ್ಲಿಸಿದೆ, ಅವಳು ಮತ್ತೆ ರೊಟ್ಟಿ ತಿನ್ನತೊಡಗಿದಳು. ಇದು ಯಾರ ತಪ್ಪೂ ಅಲ್ಲ ಅಂತ ಹೈದರಾಬಾದಿನವರು ಮೊದಲ ದಿನವೇ ಹೇಳಿದ್ದರು, ಅವ್ವಾ. ನಾನು ಅದನ್ನು ನಿನಗೆ ಹೇಳಲೇ ಇಲ್ಲ.

ನಿನ್ನನ್ನು ಮಣ್ಣು ಮಾಡುವಾಗ ಲಿಂಗವನ್ನು ನಿನ್ನ ಅಂಗೈಯಲ್ಲೇ ಇಟ್ಟೆವು. ಕರಡಿಗೆ ಟ್ರಂಕಿನಲ್ಲಿ ಉಳಿದಿತ್ತು. ಮೊನ್ನೆ ಅದನ್ನು ಗೌರಿಯ ಕೈಗೆ ಕೊಟ್ಟೆ. ಈಗಲೂ ಅವಳಿಗೆ ಮಾತಿಲ್ಲ. ಮುಚ್ಚಳ ತೆಗೆದು ಒಳಗೆ ನೋಡಿದಳು, ಹಾಕಿದಳು. ಎದ್ದು ಹೋಗಿ ನೀನು ಕೂಡುತ್ತಿದ್ದ ಕಂಬದ ಬುಡದಲ್ಲಿ, ನಿನಗೆ ಜಾಗ ಬಿಟ್ಟು, ಪಕ್ಕದಲ್ಲಿ ಕೂತಳು. ಚಹಾದ ಹೊತ್ತಿನವರೆಗೂ ಏಳಲಿಲ್ಲ.

ನಿನ್ನಿಂದ ಏನೂ ಆಗಿಲ್ಲ, ಅವ್ವಾ. ಅವಳು ಇನ್ನೂ ನಿನ್ನ ದಾರಿ ಕಾಯುತ್ತಿದ್ದಾಳೆ.