ದೊಡ್ಡಮ್ಮನ ‘ಗಡಿಯಾರದಂಗಡಿ’

ಸೆಪ್ಟೆಂಬರ್ 2, ಮಂಗಳವಾರ

ಶಾಲೆಯಲ್ಲಿ ಬಿಡುವಿಲ್ಲದೆ ಸಂಗೀತದ ಪಿರಿಯಡ್. ಮನೆಗೆ ಬಂದು ಬಟ್ಟೆ ನೆನೆಹಾಕಿ ಮತ್ತೆ ರಿಹರ್ಸಲ್‌ಗೆ. ನಮ್ಮವರು ಊಟ ತಾವೇ ಬಿಸಿ ಮಾಡಿಕೊಂಡರಂತೆ. ದೊಡ್ಡ ಉಪಕಾರ.

ಇಂದೂ ಅದೇ ಹಾಡು, ಅದೇ ಜಾಗ. ದೊಡ್ಡಮ್ಮ ಮೊದಲ ಸಾಲು ಸರಿಯಾಗಿ ಹಿಡಿದರು. ಎರಡನೆಯದಕ್ಕೆ ನಾವು ಒಂದು ದಾರಿ, ಅವರು ಒಂದು ದಾರಿ. ಕೀಬೋರ್ಡ್ ಮುಂದೆ ಕೂತವಳು ನಾನು — ಅವರನ್ನು ಹಿಡಿಯಲು ಓಡಿದೆ. ಸಿಗಲಿಲ್ಲ. ಪಿಟೀಲಿನವರು ನನ್ನ ಮುಖ ನೋಡಿದರು. ನಾನು ಸ್ವರದ ಹಾಳೆ ನೋಡಿದೆ.

ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರ್ ನಾವು ಮತ್ತೆ ಆಡಿಸುತ್ತಿರುವ ಈ ಹಳೆಯ ನಾಟಕದ ಕಥೆ ಕೇಳಿದರು. ಗಡಿಯಾರ ರಿಪೇರಿಯವನ ಮಗಳು. ಒಬ್ಬ ಗಿರಾಕಿ ಪದೇಪದೇ ಒಂದೇ ಗಡಿಯಾರ ತರುತ್ತಾನೆ. ಇವಳನ್ನು ನೋಡಲೆಂದೇ ಅವನೇ ಕೆಡಿಸಿ ತರುತ್ತಿದ್ದಾನೆಂದು ಕೊನೆಗೆ ಗೊತ್ತಾಗುತ್ತದೆ. ಆಗ ಬರುವ ಹಾಡು — ‘ಗಡಿಯಾರ ಸರಿಯಾಗಿದೆ, ಹೊತ್ತು ಮಾತ್ರ ಕೆಟ್ಟಿದೆ’. ಟೀಚರ್ ಮುಂದಿನ ಸಾಲು ತಾವೇ ಹಾಡಿದರು. ಅವರಮ್ಮ ಹಾಡುತ್ತಿದ್ದರಂತೆ. ಆ ಹುಡುಗಿಯ ಪಾತ್ರ ಈಗಲೂ ಆಗಿನ ನಟಿಯೇ ಮಾಡುತ್ತಾರಾ, ವಯಸ್ಸೆಷ್ಟು ಎಂದರು. ನನ್ನ ದೊಡ್ಡಮ್ಮನೇ, ಅರವತ್ತೆಂಟು ಎಂದೆ. ಟಿಕೆಟ್ ಬೇಕು ಎಂದರು.

ಸೆಪ್ಟೆಂಬರ್ 5, ಶುಕ್ರವಾರ

ಡೈರೆಕ್ಟರ್ ಹೊಸ ಉಪಾಯ ತಂದರು. ಆ ಹಾಡಿನ ಹಳೆಯ ಗ್ರಾಮಫೋನ್ ರೆಕಾರ್ಡನ್ನು ಸ್ಟುಡಿಯೋದಲ್ಲಿ ಕೊಟ್ಟು ಕರಕರ ಸದ್ದೆಲ್ಲ ತೆಗೆಸಿದ್ದಾರೆ. ದೊಡ್ಡಮ್ಮನ ಇಪ್ಪತ್ತೆರಡರ ದನಿ. ಇವರು ಬರೀ ತುಟಿ ಆಡಿಸಿದರೆ ಸಾಕು, ಜನಕ್ಕೆ ಬೇಕಾದದ್ದೂ ಅದೇ ಎಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು ಡೈರೆಕ್ಟರ್. ಒಳ್ಳೆಯವರು, ನಿದ್ದೆಗೆಟ್ಟವರು. ಪೋಸ್ಟರ್ ತುಂಬ ದೊಡ್ಡಮ್ಮನ ಮುಖ ಹಾಕಿಸಿ ಆಗಿದೆ.

ದೊಡ್ಡಮ್ಮ ಒಪ್ಪಿಬಿಟ್ಟರು. ಜಗಳ ನೋಡಲು ಕಾದಿದ್ದವರಿಗೆಲ್ಲ ನಿರಾಸೆ.

ರೆಕಾರ್ಡ್ ಹಾಕಿದರು. ಎಂಥ ದನಿ... ನಾನು ಹುಟ್ಟುವ ಮೊದಲಿನದು. ಆದರೆ ತುಟಿ ಕೂಡಲಿಲ್ಲ. ಮತ್ತೆ ಹಾಕಿದರು, ಮತ್ತೂ ಹಾಕಿದರು. ದನಿ ಮುಂದೆ, ತುಟಿ ಹಿಂದೆ.

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತರು. “ಈ ಹುಡುಗಿ ಉಸಿರೇ ತಗೊಳ್ಳಲ್ವಲ್ಲಪ್ಪ. ಇವಳ ಹಿಂದೆ ನಾನೆಲ್ಲಿ ಓಡ್ಲಿ?”

ಎಲ್ಲರೂ ನಕ್ಕರು. ಡೈರೆಕ್ಟರ್ ನಗಲಿಲ್ಲ. ಆಮೇಲೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. ನಿಮ್ಮ ದೊಡ್ಡಮ್ಮ ಬೇಕೆಂದೇ ಹಟ ಮಾಡುತ್ತಿದ್ದಾರಾ ಎಂದು ಕೇಳಿದರು. ಗುಂಗುರು ಎಲ್ಲ ಹಾಡೂ ಕಲಿತಿದ್ದಾಳೆ ಎಂದೂ ಸೇರಿಸಿದರು. ಗುಂಗುರು ಕೋರಸ್‌ನ ಹುಡುಗಿ, ಕೂದಲಿನಿಂದ ಬಂದ ಹೆಸರು. ದೊಡ್ಡಮ್ಮನಿಗೆ ಹುಷಾರು ತಪ್ಪಿದರೆ ಇರಲಿ ಎಂದು ಕಲಿಸಿಟ್ಟದ್ದು. ಚೆನ್ನಾಗಿ ಹಾಡುತ್ತಾಳೆ. ಅದೇ ಕಷ್ಟ.

ಸೆಪ್ಟೆಂಬರ್ 7, ಭಾನುವಾರ

ಅಮ್ಮ ತೀರಿಕೊಂಡ ಮೇಲೆ ಭಾನುವಾರದ ಊಟ ದೊಡ್ಡಮ್ಮನ ಮನೆಯಲ್ಲೇ. ಬೆಲ್ ಒತ್ತಿದೆ. ಒತ್ತುತ್ತಲೇ ಇದ್ದೆ. ಫೋನ್ ಮಾಡಿದೆ. ಗಾಬರಿಯಾಗಿ ಪಕ್ಕದ ಮನೆಯವರ ಹತ್ತಿರ ಕೀ ಇಸಿದುಕೊಂಡು, ಮತ್ತೆ ಫೋನ್ ಮಾಡುತ್ತಲೇ ಒಳಗೆ ಹೋದೆ.

ಅಡುಗೆಮನೆಯಲ್ಲಿದ್ದರು, ಬಾಗಿಲಿಗೆ ಬೆನ್ನು ಹಾಕಿ. ಕೈಗೆಟುಕುವಲ್ಲೇ ಅವರ ಮೊಬೈಲ್ ಬಡಿದುಕೊಳ್ಳುತ್ತಿತ್ತು. ಅವರು ಈರುಳ್ಳಿ ಹೆಚ್ಚುತ್ತಲೇ ಇದ್ದರು.

ಎದುರಿಗೆ ಹೋಗಿ ನಿಂತೆ. ಬೆಚ್ಚಿಬಿದ್ದರು. ನನ್ನ ಕೈಯ ಫೋನ್ ನೋಡಿದರು, ತಮ್ಮದು ನೋಡಿದರು. ಈರುಳ್ಳಿಯನ್ನು ಬಾಣಲೆಗೆ ಹಾಕಿ, ಕೈ ಒರೆಸಿಕೊಂಡು, ಒಳಗಿನಿಂದ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಕಿವಿಯ ಮಿಷನ್. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಮಾತನ್ನು ತುಟಿ ನೋಡಿ ಹಿಡಿಯುತ್ತಾರಂತೆ.

ಮಿಷನ್ ಹಾಕಿದರೆ ಮಾತು ಸ್ಪಷ್ಟ, ಹಾಡು ಮಾತ್ರ ತಗಡು ಬಡಿದ ಹಾಗಂತೆ. ನಮ್ಮ ಪಿಟೀಲಿನವರು ಪಾತ್ರೆ ಉಜ್ಜುತ್ತಿರುವಂತೆ ಕೇಳಿಸುತ್ತಾರಂತೆ. ಹಾಕದಿದ್ದರೆ ಹಾಡು ಎಲ್ಲೋ ದೂರದಲ್ಲಿ, ಆದರೆ ಹಾಡಿನ ಹಾಗೇ ಇರುತ್ತದೆ. ಶ್ರುತಿ ತಲೆಯೊಳಗೇ ಇದೆ, ಅದು ತಪ್ಪುವುದಿಲ್ಲ. ತಾಳ ಮಾತ್ರ ನಮ್ಮ ಹತ್ತಿರ ಇರುತ್ತದಲ್ಲ, ಅದೇ ತೊಂದರೆ.

ಮತ್ತೆ ಈ ನಾಟಕಕ್ಕೆ ಯಾಕೆ ಒಪ್ಪಿದ್ದು ಎಂದು ಕೇಳಿದೆ. ಜೋರಾಗಿಯೇ ಕೇಳಿದೆನೇನೋ.

“ಆಗ ಕೊನೇ ಶೋ ಅಂತ ಗೊತ್ತಿಲ್ದೇ ಆಡ್ಬಿಟ್ಟೆ ಕಣೆ. ಮಾರನೇ ದಿನ ಹೋದ್ರೆ ಥಿಯೇಟರಿಗೆ ಬೀಗ. ಒಂದ್ಸಲ ಗೊತ್ತಿದ್ದು ಆಡ್ಬೇಕು.”

ಯಾರಿಗೂ ಹೇಳಬೇಡ ಎಂದರು. ಹೂಂ ಅಂದೆ. ಈರುಳ್ಳಿ ಸೀದಿತ್ತು. ಅದನ್ನೇ ತಿಂದೆವು.

ಸೆಪ್ಟೆಂಬರ್ 9, ಮಂಗಳವಾರ

ಕೀಬೋರ್ಡ್ ಸ್ಟೇಜಿನ ಮೇಲೇ ಇರಲಿ ಎಂದೆ ಡೈರೆಕ್ಟರಿಗೆ. ಅಂಗಡಿಯ ಮೂಲೆಯಲ್ಲಿ, ಹಳೆಯ ಕಪಾಟಿನ ಪಕ್ಕ. ನೋಡಲು ಚೆನ್ನ. ಪೂರ್ತಿ ಸುಳ್ಳೇನಲ್ಲ. ಅವರಿಗೆ ಹಿಡಿಸಿತು. ಕಾರ್ಪೆಂಟರ್‌ಗೆ ಹಿಡಿಸಲಿಲ್ಲ, ಗೋಡೆ ಮತ್ತೆ ಸರಿಸಬೇಕು.

ಈಗ ದೊಡ್ಡಮ್ಮನ ಕಣ್ಣಿಗೆ ನೇರ ನಾನು. ಭುಜ ಎತ್ತಿದರೆ ಶುರು, ತಲೆ ಬಾಗಿಸಿದರೆ ನಿಲ್ಲು. ರೆಕಾರ್ಡ್ ಬಿಟ್ಟು ಅವರೇ ಹಾಡಿದರು, ಶ್ರುತಿ ಚೆನ್ನಾಗಿ ಇಳಿಸಿಕೊಂಡು. ಮೊದಲ ಸಲ ಹಾಡು ಕೂಡಿ ಬಂತು. ರೆಕಾರ್ಡ್ ಬೇಡ ಬಿಡಿ ಎಂದರು ಡೈರೆಕ್ಟರ್. ಭುಜ ನೋವು.

ಸೆಪ್ಟೆಂಬರ್ 26, ಶುಕ್ರವಾರ

ಬರೆಯಲು ಪುರುಸೊತ್ತೇ ಆಗಿಲ್ಲ. ಶಾಲೆಯಲ್ಲಿ ಪರೀಕ್ಷೆ, ಇಲ್ಲಿ ಡ್ರೆಸ್ ರಿಹರ್ಸಲ್. ಇವತ್ತಿನದು ಮಾತ್ರ ಬರೆದೇ ಮಲಗಬೇಕು.

ಕಾರ್ಪೆಂಟರ್ ಮತ್ತು ಅವನ ಜೊತೆಗಾರ ಉದ್ದದ ಹಲಗೆ ಹೊತ್ತು ಸ್ಟೇಜ್ ದಾಟುತ್ತಿದ್ದರು. ದೊಡ್ಡಮ್ಮ ನಡುವೆ ನಿಂತು ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಹಲಗೆಯ ತುದಿ ಬೆನ್ನಿಗೆ ಬಡಿಯಿತು. ಬಿದ್ದರು. ಮೂಳೆಗೆ ಏನೂ ಆಗಿಲ್ಲ, ಬಾತುಕೊಂಡಿದೆ.

ಡೈರೆಕ್ಟರ್ ಕಾರ್ಪೆಂಟರ್ ಮೇಲೆ ಹರಿಹಾಯ್ದರು. ಪಕ್ಕಕ್ಕೆ ಸರಿಯಿರಿ ಅನ್ನುವುದಕ್ಕೆ ಬಾಯಿಗೆ ಏನಾಗಿತ್ತು, ನಾಳೆಯಿಂದ ಬರಬೇಡ ಎಂದರು. ಅವನು ಕೂಗಿದ್ದ, ಎರಡು ಸಲ. ನಾವೆಲ್ಲ ಕೇಳಿದ್ದೆವು. ಅವನೂ ಅದನ್ನೇ ಹೇಳಿದ. ಆಗ ಹೊರಗಿದ್ದ ಡೈರೆಕ್ಟರ್ ನಂಬಲಿಲ್ಲ. ನನಗೆ ನಾಲಿಗೆ ತುದಿಗೆ ಬಂದಿತ್ತು — ಆದರೆ ಮಾತು ಕೊಟ್ಟಿದ್ದೆ.

ದೊಡ್ಡಮ್ಮ ನೆಲದ ಮೇಲೆ ಕೂತಲ್ಲಿಂದಲೇ ಅವರಿಬ್ಬರ ತುಟಿ ನೋಡುತ್ತಿದ್ದರು.

“ಅವನನ್ನ ಬೈಬೇಡಪ್ಪ. ಅವನು ಕೂಗಿರ್ತಾನೆ. ನನಗೇ ಕಿವಿ ಕೇಳ್ಸಲ್ಲ.”

ಅಷ್ಟೇ. ಒಂದು ಲೋಟ ನೀರು ಕೇಳಿದಷ್ಟು ಸಲೀಸಾಗಿ ಹೇಳಿದರು. ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಕಾರ್ಪೆಂಟರೇ ಬಂದು ಕೈಕೊಟ್ಟು ಎಬ್ಬಿಸಿದ.

ಸೆಪ್ಟೆಂಬರ್ 27, ಶನಿವಾರ

ಮೇಕಪ್ ರೂಮು, ಬಾಗಿಲು ಹಾಕಿ. ಡೈರೆಕ್ಟರ್, ದೊಡ್ಡಮ್ಮ, ನಾನು. ಡೈರೆಕ್ಟರ್ ತುಂಬ ಮರ್ಯಾದೆಯಿಂದ ಮಾತಾಡಿದರು. ಅಷ್ಟು ಮರ್ಯಾದೆ ಎಂದರೆ ಬಿಡಿಸುವ ಯೋಚನೆಯೇ. ಕತ್ತಲಲ್ಲಿ ಸೆಟ್ ಬದಲಾಗುತ್ತದೆ, ಜನ ಓಡಾಡುತ್ತಾರೆ, ಏನಾದರೂ ಹೆಚ್ಚುಕಡಿಮೆ ಆದರೆ... ದೊಡ್ಡಮ್ಮ ಮಿಷನ್ ಹಾಕಿಕೊಂಡು ಬಂದಿದ್ದರು. ಪೂರ್ತಿ ಕೇಳಿದರು.

ಆಮೇಲೆ ತಮ್ಮದು ಹೇಳಿದರು. ಮೊದಲ ದಿನ ತಾನು. ಎರಡನೇ ದಿನದಿಂದ ಗುಂಗುರು. ಕತ್ತಲಲ್ಲಿ ಕೈ ಹಿಡಿದು ದಾಟಿಸಲು ಮೊದಲ ದಿನವೂ ಅವಳೇ ಇರಲಿ. ಜನ ಏನನ್ನುತ್ತಾರೋ ಎಂದರು ಡೈರೆಕ್ಟರ್.

“ಜನಕ್ಕೆ ನಾನು ಹೇಳ್ತೀನಿ. ನೀನು ಆ ಹುಡುಗಿಗೆ ಹೇಳು. ಪಾಪ, ಇವತ್ತಾದ್ರೂ ನೆಮ್ಮದಿಯಾಗಿ ಊಟ ಮಾಡ್ಲಿ.”

ಗುಂಗುರು ಅಳುತ್ತಾಳೆ ಅಂದುಕೊಂಡಿದ್ದೆ. ದೊಡ್ಡಮ್ಮನ ಕಾಸ್ಟ್ಯೂಮ್ ತನಗೆ ಉದ್ದವಾಗುತ್ತದೆ, ಯಾರು ಮಡಚಿ ಹೊಲಿಯುತ್ತಾರೆ ಎಂದು ಕೇಳಿದಳು. ದೊಡ್ಡಮ್ಮನಿಗೆ ಅವಳು ಹಿಡಿಸಿದ್ದು ಆಗಲೇ ಇರಬೇಕು.

ಅಕ್ಟೋಬರ್ 11, ಶನಿವಾರ, ಬೆಳಗ್ಗೆ

ನಿನ್ನೆ ಮೊದಲ ಶೋ. ಹೌಸ್‌ಫುಲ್.

ದೊಡ್ಡಮ್ಮ ಬಂದೊಡನೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅರವತ್ತೆಂಟರ ಹುಡುಗಿ. ಅವರಿಗೆ ಕೇಳಿಸಲಿಲ್ಲ. ಒಮ್ಮೊಮ್ಮೆ ಅದೂ ಅನುಕೂಲ. ಸ್ವಲ್ಪ ಹೊತ್ತಿಗೆ ವಯಸ್ಸು ಎಲ್ಲರಿಗೂ ಮರೆತುಹೋಯಿತು. ನನಗೂ.

ಹಾಡು ಬಂತು. ಭುಜ ಎತ್ತಿದೆ. ಹಿಡಿದರು. ಎರಡನೇ ಚರಣಕ್ಕೆ ಬಂದವರು ನನ್ನನ್ನು ನೋಡುವುದು ಬಿಟ್ಟು ಪೂರ್ತಿ ಜನರ ಕಡೆ ತಿರುಗಿಬಿಟ್ಟರು. ಅವರಿಗೆ ಈಗ ನಾನು ಕಾಣುವುದಿಲ್ಲ, ಕೇಳಿಸುವುದೂ ಇಲ್ಲ. ಉಸಿರು ಬೇಕೆನಿಸಿದಲ್ಲಿ ನಿಂತರು, ಮನಸ್ಸಾದಲ್ಲಿ ಎಳೆದರು. ಪಿಟೀಲಿನವರಿಗೆ ಕೈ ತೋರಿಸಿ ನಿಲ್ಲಿಸಿದೆ. ಡ್ರಮ್ಸ್ ನಿಲ್ಲಿಸಿದೆ. ಅವರ ಬೆನ್ನು ನೋಡುತ್ತ ನಾನೊಬ್ಬಳೇ ನುಡಿಸಿದೆ. ಬೆನ್ನು ಅಗಲವಾದರೆ ಉಸಿರು, ಉಸಿರಾದ ಮೇಲೆ ಸಾಲು.

ರೆಕಾರ್ಡಿನ ಹಾಗಿರಲಿಲ್ಲ. ಕೆಲವು ಕಡೆ ದನಿ ಒಡೆಯಿತು. ರೆಕಾರ್ಡಿನಲ್ಲಿ ‘ಹೊತ್ತು ಮಾತ್ರ ಕೆಟ್ಟಿದೆ’ ಎಂಬಲ್ಲಿ ಅಳು ಇದೆ. ನಿನ್ನೆ ಅಲ್ಲಿ ನಕ್ಕರು. ನಗುತ್ತಲೇ ಹಾಡಿದರು.

ಕೊನೆಯಲ್ಲಿ ಗುಂಗುರುವನ್ನು ಕೈ ಹಿಡಿದು ಮುಂದೆ ತಂದರು. ಇದು ನನ್ನ ಕೊನೆಯ ಆಟ, ನಾಳೆಯಿಂದ ಇವಳು, ಇವಳಿಗೂ ಬನ್ನಿ ಎಂದರು. ಬೇರೇನೂ ಇಲ್ಲ. ಜನ ಎದ್ದು ನಿಂತರು. ಚಪ್ಪಾಳೆ ಎಷ್ಟು ಕೇಳಿಸಿತೋ ಎಂದುಕೊಂಡೆ. ಕಾಲಡಿಯ ಹಲಗೆ ನಡುಗುತ್ತಿತ್ತು ಎಂದರು ಆಮೇಲೆ, ಬಣ್ಣ ಒರೆಸಿಕೊಳ್ಳುತ್ತ.

ಅಕ್ಟೋಬರ್ 12, ಭಾನುವಾರ

ನಿನ್ನೆ ಗುಂಗುರು. ಒಂದು ಕಡೆ ಮಾತು ನುಂಗಿದಳು, ಯಾರಿಗೂ ಗೊತ್ತಾಗಿಲ್ಲ. ಚೆನ್ನಾಗಿ ಮಾಡಿದಳು.

ದೊಡ್ಡಮ್ಮ ಮೂರನೇ ಸಾಲಿನಲ್ಲಿ, ಮಿಷನ್ ಹಾಕಿಕೊಂಡು. ಹಾಡು ಶುರುವಾದಾಗಲೆಲ್ಲ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುವುದು, ಮಾತು ಬಂದಾಗ ಮತ್ತೆ ಹಾಕಿಕೊಳ್ಳುವುದು. ಸ್ಟೇಜ್ ಮೇಲಿನಿಂದ ಕಾಣುತ್ತಿತ್ತು.

ಬರುವಾಗ ಕಾರಿನಲ್ಲಿ ಹೊಟ್ಟೆಕಿಚ್ಚಾಯಿತಾ ಎಂದು ನಮ್ಮವರು ತಮಾಷೆ ಮಾಡಿದರು. ಸ್ವಲ್ಪ ಆಯಿತು ಎಂದರು ದೊಡ್ಡಮ್ಮ. ಮನೆ ಹತ್ತಿರ ಬಂದಾಗ ನನ್ನ ಕೈ ಹಿಡಿದರು.

“ಅಷ್ಟು ಆಡಿದೀನಿ, ಈ ನಾಟಕ ನಾನು ನೋಡೇ ಇರ್ಲಿಲ್ಲ ಕಣೆ. ಸೈಡಲ್ಲಿ ನಿಂತು ನನ್ನ ಮಾತು ಯಾವಾಗ ಬರುತ್ತೆ ಅಂತ ಕಾಯೋದೇ ಆಯ್ತು. ಕಥೆ ಇಷ್ಟು ಚೆನ್ನಾಗಿದೆ ಅಂತ ಯಾರೂ ಹೇಳ್ಲಿಲ್ಲ ನೋಡು.”

ಗಿರಾಕಿ ತನ್ನ ರೂಮಿನಲ್ಲಿ ಒಬ್ಬನೇ ಕೂತು ಗಡಿಯಾರ ಕೆಡಿಸುವ ದೃಶ್ಯವಿದೆ. ಆ ಹೊತ್ತಿನಲ್ಲಿ ದೊಡ್ಡಮ್ಮ ಒಳಗೆ ಬಟ್ಟೆ ಬದಲಿಸುತ್ತಿದ್ದರಂತೆ, ಎಲ್ಲ ಶೋಗಳಲ್ಲೂ. ಅವನು ಹೇಗೆ ಮುಳ್ಳು ಬಗ್ಗಿಸುತ್ತಾನೆ, ಬಗ್ಗಿಸಿದ ಮೇಲೆ ಹೇಗೆ ಗಡಿಯಾರದ ಹತ್ತಿರ ಕ್ಷಮೆ ಕೇಳುತ್ತಾನೆ — ಎಲ್ಲ ವಿವರಿಸಿದರು, ನಾನು ನೋಡಿಯೇ ಇಲ್ಲವೆಂಬಂತೆ.

ಇವತ್ತು ಸಂಜೆ ಮೂರನೇ ಶೋ. ದೊಡ್ಡಮ್ಮನಿಗೆ ಮತ್ತೆ ಟಿಕೆಟ್ ಬೇಕಂತೆ, ಇನ್ನೂ ಮುಂದಿನ ಸಾಲು. ನಮ್ಮ ಮನೆಯ ಹಾಲ್‌ನಲ್ಲಿ ಅವರ ದನಿ... ಆಗಲೇ ಬಂದೇಬಿಟ್ಟಿದ್ದಾರೆ. ನಮ್ಮವರನ್ನು ಎದುರಿಗೆ ಕೂರಿಸಿಕೊಂಡು, ಅವರ ವಾಚನ್ನೇ ಬಿಚ್ಚಿಸಿಕೊಂಡು, ನೋಡಿ, ಅವನು ಹೀಗೆ ತಗೋತಾನೆ, ಆಮೇಲೆ ಹೀಗೆ —